ಕೂಗಿ ನಿಂತ ಪೆಟ್ಟಿಗೆ

ಮೊನ್ನೆ ಲ್ಯಾಬಿನ ಹಳೆಯ ಕಬ್ಬಿಣದ ಕಪಾಟು ಖಾಲಿ ಮಾಡುವಾಗ ತಳದಲ್ಲಿ ಒಂದು ಐಸ್‌ಕ್ರೀಮ್ ಡಬ್ಬ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಕರ್ಪೂರದ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಬೆಸುಗೆಯ ರಾಳ ಸುಟ್ಟ ವಾಸನೆ. ಒಳಗೆ ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡು, ಅದಕ್ಕೆ ಅಂಟಿಸಿದ ಬಜರು, ಮೂಲೆಯಲ್ಲಿ ಕರಗಿ ಕರಗಿ ಸಾಸಿವೆಯಷ್ಟಾಗಿದ್ದ ಕರ್ಪೂರದ ಚೂರು. ಬೋರ್ಡಿಗೆ ಇರುವೆ ಹತ್ತಬಾರದೆಂದು ಕರ್ಪೂರ ಇಡುವ ಮನುಷ್ಯ ನನ್ನ ಬದುಕಿನಲ್ಲಿ ಒಬ್ಬರೇ ಇದ್ದದ್ದು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಟೆಂಡರ್ ಬಂದು, "ಮೇಡಂ, ಇದು ಬಿಸಾಡ್ಲಿಕ್ಕಾ?" ಎಂದು ಕೇಳಿದಾಗ ಡಬ್ಬವನ್ನು ಮಡಿಲಿಗೆ ಎಳೆದುಕೊಂಡು ಬೇಡ ಎಂದೆ.

ನಮಗೆ ಅವರು ಬರೀ ಸರ್. ಕಾಲೇಜಿನಲ್ಲಿ ಹತ್ತಾರು ಸರ್‌ಗಳಿದ್ದರೂ ಹಿಂದೆ ಮುಂದೆ ಏನೂ ಸೇರಿಸದೆ "ಸರ್" ಎಂದರೆ ಅವರೇ. ಮೂಡುಬಿದಿರೆಯ ಆ ಕಾಲೇಜಿನಲ್ಲಿ ನಾನು ಕೊನೆಯ ವರ್ಷದಲ್ಲಿದ್ದಾಗ ಅವರು ನಮಗೆ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತಿದ್ದರು. ಬಂಟ್ವಾಳ ಪೇಟೆಯಲ್ಲಿ ನದಿಯ ಹತ್ತಿರ ಒಂದು ಅಂಗಡಿ ಸಾಲಿನ ಮಹಡಿಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ದಿನಾ ಬೆಳಿಗ್ಗೆ ಸಿದ್ದಕಟ್ಟೆಯ ಮೇಲೆ ಬರುವ ಬಸ್ಸು ಹಿಡಿದು ಬರುತ್ತಿದ್ದರು. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಪಾಠ ಚೆನ್ನಾಗಿರುತ್ತಿತ್ತು, ಸಿಗದ ದಿನ ಬೈಗುಳ ಚೆನ್ನಾಗಿರುತ್ತಿತ್ತು. ಎರಡೂ ನಮಗೆ ಇಷ್ಟವೇ.

ಅವರದ್ದೊಂದು ಕ್ರಮ ಇತ್ತು. ಪ್ರೋಗ್ರಾಮಿನಲ್ಲಿ ಹೀಗಿದ್ದರೆ ಹೀಗೆ ಮಾಡು ಎನ್ನುವ ಯಾವ ಷರತ್ತಿನ ಸಾಲನ್ನೇ ಆಗಲಿ, ಟೈಪ್ ಮಾಡುವ ಮೊದಲು ಬಾಯಿ ಬಿಟ್ಟು ಹೇಳಬೇಕು. ಇಂಗ್ಲಿಷಿನಲ್ಲಲ್ಲ, ಮನೆಯಲ್ಲಿ ಮಾತಾಡುವ ಭಾಷೆಯಲ್ಲಿ. "ನಿಮ್ಮ ಅಜ್ಜಿಗೆ ಹೇಳುವ ಹಾಗೆ ಹೇಳಿ. ಅಜ್ಜಿಗೆ ಅರ್ಥ ಆಗದ್ದು ಮೆಷಿನಿಗೂ ಬೇಡ" ಎನ್ನುತ್ತಿದ್ದರು. ಹಾಗಾಗಿ ನಮ್ಮ ಲ್ಯಾಬು ತುಳು, ಬ್ಯಾರಿ, ಕೊಂಕಣಿಗಳ ಸಂತೆಯಾಗಿತ್ತು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಬಾಗಿಲಲ್ಲಿ ನಿಂತು, ಇಲ್ಲಿ ಏನು ಜಗಳವಾಗುತ್ತಿದೆ ಎಂದು ಕೇಳಿದ್ದರು.

ಪ್ರತಿವರ್ಷ ಒಂದು ಪಾಠಕ್ಕೆ ಮಾತ್ರ ಸರ್ ಮದುವೆಗೆ ಹೊರಟವರ ಹಾಗೆ ಉತ್ಸಾಹದಲ್ಲಿ ಬರುತ್ತಿದ್ದರು. ಅದು ಕರ್ನಲ್ಲಿನೊಳಗೆ ಸಮಯ ಹೋಲಿಸುವ ಪಾಠ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯೊಳಗಿನ ಮುಖ್ಯ ಭಾಗ. ಅದಕ್ಕೆ ಗಂಟೆ ಎಷ್ಟಾಯಿತೆಂಬ ಚಿಂತೆಯಿಲ್ಲ. ತಾನು ಎದ್ದಾಗಿನಿಂದ ಒಂದೇ ಸಮನೆ ಎಣಿಸುತ್ತ ಕೂತಿರುತ್ತದೆ, ಅಷ್ಟೆ. ಆ ಎಣಿಕೆಗೆ ಜಿಫೀಸ್ ಎಂದು ಹೆಸರು. ಎಣಿಸಿ ಎಣಿಸಿ ಅಂಕಿ ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಹಾಗಿರುವಾಗ ದೊಡ್ಡ ಅಂಕಿಯೇ ನಂತರದ ಸಮಯ ಎಂದು ನಂಬುವಂತಿಲ್ಲ. ಸರ್ ಗೋಡೆಯ ಗಡಿಯಾರ ತೋರಿಸುತ್ತಿದ್ದರು. "ಹನ್ನೆರಡು ಆದ ಮೇಲೆ ಒಂದು ಗಂಟೆ ಬರ್ತದೆ. ಒಂದು ಚಿಕ್ಕದಲ್ವಾ? ಆದ್ರೂ ಊಟ ಒಂದು ಗಂಟೆಗೇ ಅಲ್ವಾ?"

ಈ ತೊಡಕು ತಪ್ಪಿಸಲೆಂದೇ ಕರ್ನಲ್ ಬರೆದವರು ಹೋಲಿಕೆ ಮಾಡಿಕೊಡುವ ಕೆಲವು ಸಣ್ಣ ಹೆಲ್ಪರ್‌ಗಳನ್ನು ಮಾಡಿಟ್ಟಿದ್ದಾರೆ. ಲೆಕ್ಕ ಸರಿಯಾಗಿದೆ, ಹೆಸರುಗಳೇ ಗೊಂದಲ. ಒಂದರ ಹೆಸರು "ಟೈಮ್ ಆಫ್ಟರ್". ಅದಕ್ಕೆ ಎರಡು ಸಮಯ ಕೊಡಬೇಕು, ಯಾವುದು ಯಾವುದರ ನಂತರ ಎಂಬುದು ಹೆಸರಿನಲ್ಲಿ ಇಲ್ಲ. ಇನ್ನೊಂದರ ಹೆಸರು "ಟೈಮ್ ಈಸ್ ಆಫ್ಟರ್ ಜಿಫೀಸ್". ಅದಕ್ಕೆ ಒಂದು ಗಡುವನ್ನು ಕೊಟ್ಟರೆ, ಆ ಗಡುವು ಈಗಿನ ಎಣಿಕೆಗಿಂತ ಮುಂದಿದೆಯೇ ಎಂದು ಹೇಳುತ್ತದೆ. ಅಂದರೆ ಹೊತ್ತು ಇನ್ನೂ ಆಗಿಲ್ಲ ಎಂದು. ಆದರೆ ಓದಿದವರಿಗೆ ಸಮಯ ದಾಟಿಹೋಯಿತು ಎಂದು ಕೇಳಿಸುತ್ತದೆ. ಸರ್ ಅದನ್ನು ಬೋರ್ಡಿನ ಮೇಲೆ ಬರೆದು, ಇದರರ್ಥ ಹೊತ್ತು ಆಗಿದೆ ಎನ್ನುವವರು ಕೈ ಎತ್ತಿ ಎನ್ನುತ್ತಿದ್ದರು. ಅರ್ಧ ಕ್ಲಾಸು ಕೈ ಎತ್ತುತ್ತಿತ್ತು. ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ಕೈ ಎತ್ತಿದವಳೇ...

ಇನ್ನು ಟೈಲರಕ್ಕನ ವಿಷಯ. ಸರ್ ಇದ್ದ ಮಹಡಿಯ ಕೆಳಗೆ, ನದಿಗೆ ಇಳಿಯುವ ಮೆಟ್ಟಿಲಿಗೆ ತಾಗಿದಂತೆ ಅವರ ಅಂಗಡಿ. ಇಡೀ ಪೇಟೆ ಅವರನ್ನು ಟೈಲರಕ್ಕ ಎಂದೇ ಕರೆಯುತ್ತಿತ್ತು. ಎರಡು ಹೊಲಿಗೆ ಮೆಷಿನು, ಒಂದು ಕತ್ತರಿಸುವ ಮೇಜು, ಗೋಡೆ ತುಂಬ ಹಲಗೆಗಳು. ರವಿಕೆಯ ಕುತ್ತಿಗೆ ಕತ್ತರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಬೆಳ್ತಂಗಡಿ ಕಡೆಯಿಂದಲೂ ಮದುಮಗಳ ಬಟ್ಟೆ ಅವರಲ್ಲಿಗೆ ಬರುತ್ತಿತ್ತು. ಆಟಿ ಎಂದರೆ ತುಳುವರ ಜೋರು ಮಳೆಯ ತಿಂಗಳು, ಆಗ ನಮ್ಮಲ್ಲಿ ಮದುವೆಯಿಲ್ಲ. ಅದರ ಮುಂದಿನ ಸೋಣ ತಿಂಗಳ ಮದುವೆಗಳಿಗೆ ಆಟಿಯಲ್ಲೇ ಹೊಲಿಗೆ ನಡೆಯುವುದು. ಅಂದರೆ ನೇತ್ರಾವತಿ ತುಂಬಿ ಮೆಟ್ಟಿಲು ಹತ್ತುವ ಹೊತ್ತಿಗೇ ಟೈಲರಕ್ಕನ ಅಂಗಡಿಯಲ್ಲಿ ಹಲಗೆ ತುಂಬ ರೇಷ್ಮೆ ಇರುತ್ತಿತ್ತು. ಅವರ ಮನೆ ಹಿಂದಿನ ಏರಿನ ಮೇಲೆ. ಮಳೆ ಜೋರಾದರೆ ದಿನಕ್ಕೆ ಎಷ್ಟೋ ಸಲ ಇಳಿದು ಬಂದು ನೀರು ನೋಡಿ ಹೋಗುವುದೇ ಅವರಿಗೆ ಕೆಲಸ. ಆಗಲೇ ಅವರಿಗೆ ಮಂಡಿ ನೋವು.

ಆ ಮಂಡಿ ನೋಡಿಯೇ ಸರ್ ಪೆಟ್ಟಿಗೆಯ ಕೆಲಸಕ್ಕೆ ಇಳಿದದ್ದು. ಮೆಟ್ಟಿಲಿನ ಗೋಡೆಗೆ ಒಂದು ಪೈಪು, ಅದರೊಳಗೆ ನೀರು ತಾಗಿದರೆ ತಿಳಿಯುವ ಸ್ವಿಚ್ಚು, ಅಲ್ಲಿಂದ ಏರಿನ ಮೇಲಿನ ಮನೆಯ ತನಕ ವಯರು, ಮನೆಯ ಅಡುಗೆಕೋಣೆಯಲ್ಲಿ ಪೆಟ್ಟಿಗೆ. ಮಳೆಯ ಎರಚಲಿಗೆಲ್ಲ ಕೂಗಬಾರದು. ಹತ್ತು ನಿಮಿಷ ಬಿಡದೆ ನೀರು ತಾಗಿದರೆ ಮಾತ್ರ ಕೂಗಬೇಕು, ಕೂಗಲು ಶುರುಮಾಡಿದರೆ ನೀರು ಇಳಿಯುವ ತನಕ ನಿಲ್ಲಿಸಬಾರದು. ಇದಕ್ಕೆ ಬೇಕಾದ ಸಾಲುಗಳನ್ನು ಸರ್ ಕರ್ನಲ್ಲಿನೊಳಗೇ ಬರೆದರು, ನಮಗೂ ಕಲಿತಂತಾಗಲಿ ಎಂದು. ನಾವು ನಾಲ್ಕೈದು ಜನ ವಯರು ಎಳೆದೆವು, ಪೈಪಿಗೆ ಬಣ್ಣ ಬಳಿದೆವು, ಮುಖ್ಯವಾಗಿ ಟೈಲರಕ್ಕ ಕೊಟ್ಟದ್ದನ್ನೆಲ್ಲ ತಿಂದೆವು.

ಪೆಟ್ಟಿಗೆ ಶುರುಮಾಡಿದ ದಿನ ನಮ್ಮಲ್ಲಿ ಒಬ್ಬ ಪೈಪನ್ನು ಬಕೆಟಿನ ನೀರಿಗೆ ಅದ್ದಿದ. ಮೇಲಿನ ಮನೆಯಿಂದ ಬಜರು ಆ ಕ್ಷಣವೇ ಕಿರುಚಿತು. ನಾವು ಚಪ್ಪಾಳೆ ತಟ್ಟಿದೆವು. ಟೈಲರಕ್ಕ ಬಿಸಿ ಗೋಳಿಬಜೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಹತ್ತು ನಿಮಿಷ ಕಾಯಬೇಕಾದ ಪೆಟ್ಟಿಗೆ ಅದ್ದಿದ ಕೂಡಲೇ ಯಾಕೆ ಕೂಗಿತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೂಗಿತಲ್ಲ, ನಮಗೆ ಅಷ್ಟು ಸಾಕಾಗಿತ್ತು. ಸರ್‌ಗೂ ಹೊಳೆಯಲಿಲ್ಲ. ಅವರ ಬಾಯಲ್ಲೂ ಗೋಳಿಬಜೆ ಇತ್ತು.

ಮಳೆ ಹಿಡಿದ ಮೇಲೆ ಪೆಟ್ಟಿಗೆ ಆಗಾಗ ಕೂಗತೊಡಗಿತು. ಎರಚಲು ತಾಗಿದರೆ ಕೂಗುವುದು, ಸ್ವಲ್ಪ ಹೊತ್ತಿನಲ್ಲಿ ಬಾಯಿ ಮುಚ್ಚುವುದು. ಒಂದು ದಿನ ಸರ್ ಉತ್ತರಪತ್ರಿಕೆಯ ಕಟ್ಟು ಹೊತ್ತು ಮೆಟ್ಟಿಲು ಹತ್ತುವಾಗ ಟೈಲರಕ್ಕ ತಡೆದು ಹೇಳಿದರಂತೆ. ಅವರಿಬ್ಬರ ಮಾತೆಲ್ಲ ತುಳುವಿನಲ್ಲೇ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸರ್, ನಿಮ್ಮ ಪೆಟ್ಟಿಗೆ ಸುಮ್ಮಸುಮ್ಮನೆ ಕೂಗ್ತದೆ ಮಾರಾಯ್ರೆ. ಇಳಿದು ಬಂದು ನೋಡಿದ್ರೆ ನೀರೇ ಇಲ್ಲ."

"ಪೈಪಿನ ಒಳಗೆ ಪಸೆ ನಿಲ್ತದೆ ಕಾಣ್ತದೆ. ವ್ಯಾಲ್ಯೂಯೇಶನ್ ಮುಗೀಲಿ, ನೋಡ್ತೇನೆ. ಅಲ್ಲಿವರೆಗೆ ಒಂದು ಮಾಡಿ. ಕೂಗಿ ತಾನಾಗಿ ನಿಂತ್ರೆ ಅದು ಎರಚಲು, ಬಿಟ್ಟುಬಿಡಿ. ನಿಲ್ಲದೆ ಕೂಗಿದ್ರೆ ಮಾತ್ರ ಇಳಿದು ಬನ್ನಿ."

ಟೈಲರಕ್ಕ ಅದನ್ನು ಹಾಗೆಯೇ ಪಾಲಿಸಿದರು. ಸರ್ ಹೇಳಿದ ಮೇಲೆ ಮುಗಿಯಿತು ಎಂಬುದು ಅವರ ನಂಬಿಕೆ.

ಆಟಿ ಮುಗಿಯುತ್ತ ಬಂದ ಒಂದು ಭಾನುವಾರ. ಅಂಗಡಿಗೆ ರಜೆ. ಸರ್ ಯಾವುದೋ ನೇಮಕಾತಿ ಪರೀಕ್ಷೆಯ ಮೇಲ್ವಿಚಾರಣೆಗೆಂದು ಉಜಿರೆಗೆ ಹೋಗಿದ್ದರು. ಘಟ್ಟದಲ್ಲಿ ಮಳೆ ಸುರಿದಿತ್ತು, ಪೇಟೆಯಲ್ಲಿ ಅಷ್ಟಿರಲಿಲ್ಲ. ಊಟದ ನಂತರ ಟೈಲರಕ್ಕ ಮನೆಯಲ್ಲಿ ಕೂತು ಒಂದು ರವಿಕೆಗೆ ಹುಕ್ಕು ಹಾಕುತ್ತಿದ್ದರಂತೆ. ಪೆಟ್ಟಿಗೆ ಕೂಗಿತು. ಅವರು ಸೂಜಿ ಹಿಡಿದುಕೊಂಡೇ ಕಾದರು. ಕೂಗಿ ಕೂಗಿ ತಾನಾಗಿ ನಿಂತಿತು. ಎರಚಲು ಎಂದುಕೊಂಡು ಅವರು ಮುಂದಿನ ಹುಕ್ಕಿಗೆ ನೂಲು ಪೋಣಿಸಿದರು. ಸಂಜೆ ಯಾರೋ ಓಡಿ ಬಂದು ಬಾಗಿಲು ಬಡಿದಾಗ ಅಂಗಡಿಯೊಳಗೆ ಸೊಂಟದ ತನಕ ಕೆಂಪು ನೀರು ನಿಂತಿತ್ತು.

ರವಿಕೆಗಳನ್ನು ಮತ್ತೆ ಹೊಲಿದು ಕೊಡಬಹುದು. ಆದರೆ ಕೆಳಗಿನ ಹಲಗೆಯಲ್ಲಿ ಒಂದು ಧಾರೆ ಸೀರೆ ಇತ್ತು. ವೇಣೂರಿನ ಒಂದು ಮನೆಯ ಮದುಮಗಳದ್ದು. ಅವಳ ತೀರಿಹೋದ ತಾಯಿ ತನ್ನ ಮದುವೆಯಲ್ಲಿ ಉಟ್ಟದ್ದು, ಮಗಳೂ ಧಾರೆಗೆ ಅದನ್ನೇ ಉಡುತ್ತೇನೆಂದು ಅಂಚು ಸರಿಮಾಡಿಸಲು ಕೊಟ್ಟದ್ದು. ಕೆಸರು ನೀರಿನಲ್ಲಿ ಎಷ್ಟೋ ಹೊತ್ತು ಮುಳುಗಿ ಅದರ ಬಣ್ಣ ಬಿಟ್ಟಿತ್ತು, ಜರಿ ಕಪ್ಪಾಗಿತ್ತು, ಹಳೆಯ ರೇಷ್ಮೆ ಎತ್ತಿದಲ್ಲೇ ಹರಿದು ಬರುತ್ತಿತ್ತು. ಟೈಲರಕ್ಕ ಅದನ್ನು ಕೈಯಲ್ಲಿ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರಂತೆ.

ಮಾರನೆಯ ದಿನ ಸರ್ ಪೆಟ್ಟಿಗೆಯನ್ನು ಕಳಚಿಕೊಂಡು ಲ್ಯಾಬಿಗೆ ಬಂದರು. ನಾವು ಸುತ್ತ ನಿಂತೆವು. ಪರದೆಯ ಮೇಲೆ ತಾವೇ ಬರೆದ ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ಓದತೊಡಗಿದರು, ಅಜ್ಜಿಗೆ ಹೇಳುವ ಹಾಗೆ. ನೀರು ತಾಗಿದ ಹೊತ್ತು, ಅದಕ್ಕೆ ಹತ್ತು ನಿಮಿಷ ಸೇರಿಸು, ಆ ಗಡುವು... ಅಲ್ಲಿ ಬೆರಳು ನಿಂತಿತು. ಪ್ರತಿವರ್ಷ ನಮ್ಮನ್ನು ಕೈ ಎತ್ತಿಸಿ ನಗುತ್ತಿದ್ದರಲ್ಲ, ಅದೇ ಟೈಮ್ ಈಸ್ ಆಫ್ಟರ್ ಜಿಫೀಸ್. ಗಡುವು ದಾಟಿದ್ದರೆ ಕೂಗು ಎಂದು ಬರೆಯಲು ಹೊರಟವರು ಗಡುವು ಇನ್ನೂ ಆಗದಿದ್ದರೆ ಕೂಗು ಎಂದು ಬರೆದಿದ್ದರು. ಹಾಗಾಗಿ ಪೆಟ್ಟಿಗೆ ನೀರು ತಾಗಿದೊಡನೆ ಕೂಗುತ್ತಿತ್ತು, ಹತ್ತು ನಿಮಿಷ ಕಳೆದು ನಿಜವಾಗಿ ಕೂಗಬೇಕಾದ ಹೊತ್ತಿಗೆ ಸುಮ್ಮನಾಗುತ್ತಿತ್ತು. ಕೂಗಿ ನಿಂತರೆ ಎರಚಲು ಎಂದು ಅವರು ಟೈಲರಕ್ಕನಿಗೆ ಹೇಳಿದ್ದರು. ಕೂಗಿ ನಿಂತದ್ದು ನೆರೆಯ ನೀರಿಗೆ.

ನಮ್ಮಲ್ಲಿ ಯಾರೂ ನಗಲಿಲ್ಲ. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೆ ಗೊತ್ತಿತ್ತಲ್ಲ..." ಎಂದರು. ಅಷ್ಟೇ ಹೇಳಿದ್ದು.

ಆ ದಿನವೇ ಅವರು ಟೈಲರಕ್ಕನ ಜಗಲಿಗೆ ಹೋಗಿ ತಪ್ಪು ನನ್ನದು ಎಂದು ಹೇಳಿದರು. ಟೈಲರಕ್ಕ ಕೇಳಿಸಿಕೊಂಡು, ಅಂಥ ಹೆಸರನ್ನು ಇಟ್ಟವರು ಯಾರು, ಅವರಿಗೆ ಯಾರೂ ಹೇಳುವವರಿಲ್ಲವಾ ಎಂದು ಕೇಳಿದರಂತೆ. ಆಮೇಲೆ ತಮಗೆ ಬೇಕಾದದ್ದನ್ನು ಹೇಳಿದರು. "ನನಗೆ ಬೇರೆ ಎಂತದೂ ಬೇಡ ಸರ್. ಬೆಲ್ ಕೇಳಿಯೂ ಮಲಗಿದ್ದಳು ಅಂತ ಆ ಮದುಮಗಳ ಮನೆಯವರು ಹೇಳ್ತಿದ್ದಾರೆ. ಮಲಗಿರ್ಲಿಲ್ಲ ಅಂತ ಒಂದು ಮಾತು ನೀವು ಹೇಳಿದ್ರೆ ಸಾಕು."

ಎಷ್ಟು ಸಣ್ಣ ಬೇಡಿಕೆ! ಸರ್ ಮರುದಿನವೇ ಹೊರಟರು. ನಮ್ಮ ಮನೆ ವೇಣೂರಿನಲ್ಲೇ ಇದ್ದುದರಿಂದ ದಾರಿ ತೋರಿಸಲು ನನ್ನನ್ನು ಕರೆದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಮಾತುಗಳನ್ನು ಜೋಡಿಸುತ್ತಿದ್ದರು. ಕರ್ನಲ್ ಎಂದು ಹೇಳಬಾರದು, ಜಿಫೀಸ್ ಎಂದು ಹೇಳಬಾರದು, ಸುಮ್ಮನೆ ಪೆಟ್ಟಿಗೆ ಉಲ್ಟಾ ಇತ್ತು ಎಂದರಾಯಿತು ಎಂದು ನನಗೆ ಹೇಳಿದರು, ನಿಜವಾಗಿ ತಮಗೇ ಹೇಳಿಕೊಂಡರು.

ಮದುಮಗಳ ತಂದೆ ನಮ್ಮನ್ನು ಬಹಳ ಗೌರವದಿಂದ ಕೂರಿಸಿದರು. ಮದುಮಗಳೇ ಪುನರ್ಪುಳಿ ಶರಬತ್ತು ತಂದಿಟ್ಟು ಬಾಗಿಲ ಬಳಿ ನಿಂತಳು. ಅವಳ ಕಣ್ಣು ಅತ್ತು ಊದಿತ್ತು. ಸರ್ ಎಲ್ಲವನ್ನೂ ಹೇಳಿದರು, ಕೈಯಲ್ಲಿ ತೋರಿಸಿ ಹೇಳಿದರು, ಎರಡೆರಡು ಸಲ ಹೇಳಿದರು. ಆ ತಂದೆ ತಲೆಯಾಡಿಸುತ್ತ ಕೇಳಿದರು. ಆಮೇಲೆ ನಿಧಾನವಾಗಿ ಪ್ರಶ್ನೆ ಹಾಕಿದರು.

"ಬೆಲ್ ಆಯ್ತಲ್ಲ ಸರ್?"

"ಆಯ್ತು. ಆದರೆ ಆಗಬಾರದ ಹೊತ್ತಿಗೆ..."

"ಆಗುವಾಗ ನೀರು ಬಂದಿತ್ತಲ್ಲ?"

"ಬಂದಿತ್ತು."

"ಆ ಹೆಂಗಸಿಗೆ ಕೇಳ್ಲಿಲ್ಲವಾ?"

"ಕೇಳಿತ್ತು. ಆದರೆ ನಾನೇ ಅವರಿಗೆ..."

"ಮತ್ತೆಂತ ಉಂಟು ಸರ್?" ಎಂದರು ಆ ತಂದೆ. ಸ್ವರದಲ್ಲಿ ಕೋಪವೇ ಇರಲಿಲ್ಲ. "ನೀವು ದೊಡ್ಡವರು. ಬಡವರ ಮೇಲೆ ಮಾತು ಬರಬಾರದು ಅಂತ ಇಷ್ಟು ದೂರ ಬಂದು ಅವಳ ತಪ್ಪನ್ನು ನಿಮ್ಮ ತಲೆಗೆ ಹಾಕಿಕೊಳ್ತಿದ್ದೀರಿ. ಈ ಕಾಲದಲ್ಲಿ ಯಾರು ಮಾಡ್ತಾರೆ ಹೀಗೆ? ಊಟ ಮಾಡಿಯೇ ಹೋಗ್ಬೇಕು."

ನಾನು ಬಾಯಿ ಹಾಕಿದೆ. ಅಲ್ಲ ಮಾವ, ನಿಜವಾಗಿಯೂ ಪೆಟ್ಟಿಗೆಯದ್ದೇ ತಪ್ಪು, ನಾವೆಲ್ಲ ನೋಡಿದ್ದೇವೆ ಎಂದೆ. ಅವರು ನನ್ನನ್ನು ನೋಡಿ ನಕ್ಕು, ನೀನು ಇಂಥವರ ಹತ್ತಿರ ಕಲಿಯುವುದು ನಿನ್ನ ಪುಣ್ಯ ಎಂದರು. ಊಟಕ್ಕೆ ಕೂತೆವು. ಸರ್ ಬಡಿಸಿದ್ದನ್ನೆಲ್ಲ ತಲೆ ಬಗ್ಗಿಸಿ ತಿಂದರು, ಪೆಟ್ಟು ತಿಂದವರ ಹಾಗೆ.

ಅಲ್ಲಿಂದ ಮಾತು ನಮಗಿಂತ ಮೊದಲೇ ಬಂಟ್ವಾಳ ತಲುಪಿತು. ಸರ್ ಎಷ್ಟು ಒಳ್ಳೆಯ ಮನುಷ್ಯ ನೋಡಿ, ಟೈಲರಕ್ಕ ಮಲಗಿದ್ದಕ್ಕೆ ಇವರು ವೇಣೂರಿಗೆ ಹೋಗಿ ಕ್ಷಮೆ ಕೇಳಿ ಬಂದರಂತೆ ಎಂದು ಹೋಟೆಲಿನಲ್ಲಿ, ರಿಕ್ಷಾ ಸ್ಟ್ಯಾಂಡಿನಲ್ಲಿ, ಕೊನೆಗೆ ನಮ್ಮ ಸ್ಟಾಫ್ ರೂಮಿನಲ್ಲೂ ಮಾತಾಯಿತು. ಸರ್ ಸಿಕ್ಕಿದವರಿಗೆಲ್ಲ ನಿಲ್ಲಿಸಿ ವಿವರಿಸಿದರು. ವಿವರಿಸಿದಷ್ಟೂ ಅವರು ಎತ್ತರಕ್ಕೆ ಹೋದರು, ಟೈಲರಕ್ಕ ಕೆಳಗೆ ಇಳಿದರು. ನಮ್ಮ ಊರಿಗೆ ಕಾಲೇಜಿನ ಸರ್ ಒಬ್ಬರು ತಪ್ಪು ಬರೆಯಬಹುದು ಎಂಬುದನ್ನು ನಂಬುವುದಕ್ಕಿಂತ ಹೊಲಿಗೆಯ ಹೆಂಗಸು ಮಧ್ಯಾಹ್ನ ನಿದ್ದೆ ಹೋದಳು ಎಂಬುದನ್ನು ನಂಬುವುದು ಸುಲಭವಾಗಿತ್ತು. ನನಗೆ ಈಗಲೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಯಾರೊಡನೆ ಜಗಳ ಕಾಯಬೇಕು? ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಿದ್ದರು!

ಆಗ ಸರ್‌ಗೆ ಟೈಲರಕ್ಕ ಕೇಳಿದ ಪ್ರಶ್ನೆ ಹಿಡಿದುಕೊಂಡಿತು. ಹೆಸರು ಇಟ್ಟವರಿಗೆ ಹೇಳಲು ಆಗುವುದಿಲ್ಲವೇ? ಕರ್ನಲ್ ಬರೆಯುವವರು ಲೋಕದ ಮೂಲೆಮೂಲೆಗಳಲ್ಲಿದ್ದಾರೆ, ಮಾತುಕತೆಯೆಲ್ಲ ಈಮೇಲಿನಲ್ಲಿ. ಸರ್ ಕೂತು ಒಂದು ತಿದ್ದುಪಡಿ ಸಿದ್ಧಮಾಡಿದರು. ಹೆಲ್ಪರಿನ ಹೆಸರು ನೇರವಾಗಿ ಹೊತ್ತು ಆಯಿತೇ ಎಂದು ಕೇಳುವಂತಿರಬೇಕು, ಓದಿದವನಿಗೆ ಎರಡು ಅರ್ಥ ಬರಬಾರದು. ತಮ್ಮ ಸ್ವಂತ ಕೆಲಸದಲ್ಲಿ ಅವರು ಅದಕ್ಕೆ ಪೊರ್ತಾಂಡಾ ಎಂದೇ ಹೆಸರಿಟ್ಟುಕೊಂಡಿದ್ದರು. ತುಳುವಿನಲ್ಲಿ ಹೊತ್ತಾಯಿತಾ ಎಂದು ಕೇಳುವುದೇ ಹಾಗೆ. ಹೊರಗೆ ಕಳಿಸುವಾಗ ಮಾತ್ರ ಇಂಗ್ಲಿಷಿನ ಹೆಸರು ಹಾಕಿದರು.

"ಅವರು ಹೆಸರು ಬದಲಾಯಿಸಿದ್ರೆ ನನ್ನ ಕೈಯಲ್ಲಿ ತೋರಿಸ್ಲಿಕ್ಕೆ ಒಂದು ಉಂಟು" ಎಂದು ನನಗೆ ಹೇಳಿದರು. "ನಾನು ಹೇಳಿದ್ರೆ ಒಳ್ಳೆಯತನ ಅಂತಾರೆ. ಅಲ್ಲಿಯವರು ಹೇಳಿದ್ರೆ ಅದು ಒಳ್ಳೆಯತನ ಆಗುದಿಲ್ಲ ಅಲ್ವಾ?"

ಸ್ಟಾಫ್ ರೂಮಿನಲ್ಲಿ ಈ ವಿಷಯ ಗೊತ್ತಾದಾಗ ಎಲ್ಲರೂ ಸಹಾಯಕ್ಕೆ ನಿಂತರು, ನಮ್ಮ ಊರಿನ ಕ್ರಮದಲ್ಲಿ. ಅಲ್ಲಿ ಗುರ್ತದವರು ಯಾರಾದರೂ ಇದ್ದಾರಾ ಎಂಬುದೇ ಮೊದಲ ಪ್ರಶ್ನೆ. ಒಬ್ಬರ ಭಾವನ ತಮ್ಮ ಜರ್ಮನಿಯಲ್ಲಿದ್ದಾನೆ, ಕಂಪ್ಯೂಟರೇ ಎಂದರು. ಇನ್ನೊಬ್ಬರು ದುಬೈಯ ದೊಡ್ಡ ಹೋಟೆಲಿನವರ ನಂಬರು ಕೊಟ್ಟರು, ಅವರಿಗೆ ಎಲ್ಲ ಕಡೆ ಜನ ಉಂಟು ಎಂದು. ಪಂಚಾಯತಿನ ಕೆಲಸವಾದರೂ, ಆಸ್ಪತ್ರೆಯ ಕೆಲಸವಾದರೂ ನಮಗೆ ಗೊತ್ತಿರುವ ದಾರಿ ಅದೊಂದೇ. ಬಾಗಿಲೇ ಇಲ್ಲದ ಕಚೇರಿ, ಮುಖವೇ ಇಲ್ಲದ ಗುಮಾಸ್ತರು, ಅಲ್ಲಿ ಯಾರ ಮುಂದೆ ಹೋಗಿ ನಿಲ್ಲುವುದು? ಸರ್ ಆ ನಂಬರುಗಳನ್ನೆಲ್ಲ ಬರೆದುಕೊಂಡರು. ಯಾರಿಗೂ ಮಾಡಲಿಲ್ಲ.

ಉತ್ತರ ಬಂತು. ಕೆಟ್ಟದಾಗಿ ಬರೆದಿರಲಿಲ್ಲ. ಈ ಹೆಸರು ನೂರಾರು ಕಡೆ ಬಳಕೆಯಲ್ಲಿದೆ, ಈಗ ಬದಲಾಯಿಸಲು ಹೊರಟರೆ ಹೊಸ ತಪ್ಪುಗಳು ನುಸುಳುತ್ತವೆ, ಅರ್ಥವನ್ನು ಪಕ್ಕದಲ್ಲೇ ಬರೆದಿಟ್ಟಿದ್ದೇವೆ, ಓದಿಕೊಂಡರೆ ಸಾಕು ಎಂದಿದ್ದರು. ಯಾರೋ ಒಬ್ಬರು ಮಾತ್ರ, ಈ ತಪ್ಪನ್ನು ನಾನೂ ಮಾಡಿದ್ದೇನೆ ಎಂದು ಒಂದು ಸಾಲು ಸೇರಿಸಿದ್ದರು. ಸರ್ ಆ ಸಾಲನ್ನು ನನಗೆ ಎಷ್ಟೋ ಸಲ ತೋರಿಸಿದರು. ತಿದ್ದುಪಡಿಯನ್ನು ಚಿಕ್ಕದು ಮಾಡಿ ಮತ್ತೆ ಕಳಿಸಿದರು, ಇನ್ನೂ ಚಿಕ್ಕದು ಮಾಡಿ ಮತ್ತೊಮ್ಮೆ ಕಳಿಸಿದರು. ಅವಕ್ಕೆ ಯಾರೂ ಉತ್ತರಿಸಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಂಟ್ವಾಳದ ಒಂದು ಜಗಲಿಯಲ್ಲಿ ಒಬ್ಬಳು ಕಾಯುತ್ತಿದ್ದಾಳೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು...

ಟೈಲರಕ್ಕನ ಅಂಗಡಿಗೆ ಜನ ಕಡಿಮೆಯಾದರು. ಮದುಮಗಳ ಬಟ್ಟೆಗಳು ಬಿ.ಸಿ.ರೋಡಿಗೆ ಹೋದವು. ಅಲ್ಲಿ ಕತ್ತರಿಸುವ ಕೈ ಇಲ್ಲಿಯಷ್ಟು ಚೆನ್ನಾಗಿರಲಿಲ್ಲ, ಆದರೂ ಹೋದವು. ಬಂದವರೂ ಬಟ್ಟೆ ಕೊಡುವಾಗ, "ಮೇಲಿನ ಹಲಗೆಯಲ್ಲಿ ಇಡಿ ಆಯ್ತಾ" ಎಂದು ನಗುತ್ತ ಹೇಳಿ ಹೋಗುತ್ತಿದ್ದರು. ಸರ್ ಪೆಟ್ಟಿಗೆಯನ್ನು ಸರಿಮಾಡಿ ಮತ್ತೆ ಕೂರಿಸುತ್ತೇನೆಂದರೆ ಟೈಲರಕ್ಕ ಬೇಡವೆಂದರು. ಬೇಸರದಿಂದ ಹೇಳಿದ್ದಲ್ಲ. ತಮ್ಮ ಕಿವಿಯ ಮೇಲೆ ತಮಗೆ ನಂಬಿಕೆ ಹೋಗಿದೆ ಎಂದರು.

ಕೊನೆಗೆ ಸರ್ ವಿವರಿಸುವುದನ್ನು ನಿಲ್ಲಿಸಿದರು. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನ್ನೊಡನೆ ಹೇಳಿದರು, "ನಾನು ಬಾಯಿ ತೆರೆದ್ರೆ ಅವರಿಗೇ ಪೆಟ್ಟು ಬೀಳ್ತದೆ ಮಾರಾಯ್ತಿ. ಇನ್ನು ಹೇಳುದಿಲ್ಲ." ಹೇಳದೆ ಇದ್ದರೂ ಏನೂ ಆಗಲಿಲ್ಲ. ಮಾಡಿದ್ದನ್ನು ಹೇಳಿಕೊಳ್ಳದ ಮನುಷ್ಯ ಎಂದು ಊರು ಇನ್ನಷ್ಟು ಹೊಗಳಿತು. ಆ ವರ್ಷದಿಂದ ಅವರು ಕ್ಲಾಸಿನಲ್ಲಿ ಆ ಪಾಠಕ್ಕೆ ಕೈ ಎತ್ತಿಸುವುದನ್ನೂ ಬಿಟ್ಟರು. ಬೋರ್ಡಿನ ಮೇಲೆ ಬರೆದು, ಅರ್ಥ ಹೇಳಿ, ಒರೆಸಿಬಿಡುತ್ತಿದ್ದರು.

ನಾನು ಓದು ಮುಗಿಸಿ ಅದೇ ಕಾಲೇಜಿಗೆ ಪಾಠ ಮಾಡಲು ಸೇರಿದ ಸ್ವಲ್ಪ ಸಮಯಕ್ಕೆ ಸರ್ ಕಾಯಿಲೆ ಬಿದ್ದರು. ಮಂಗಳೂರಿನ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮಾತಾಡುವ ಶಕ್ತಿ ಇರಲಿಲ್ಲ. ಸನ್ನೆಯಲ್ಲೇ ಏನೋ ಕೇಳಿದರು. ನನಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದೆ. ಅವರು ಹೋದ ಮೇಲೆ ನನಗೆ ಎಷ್ಟೋ ದಿನ ಆ ಬೋರ್ಡಿನ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಅಷ್ಟು ನಗಿಸಿದ ಮನುಷ್ಯ, ಕೊನೆಗೆ ನಗುವುದನ್ನೇ ಬಿಟ್ಟು ಹೋದರು ಎಂಬುದು ನನಗೆ ತಡೆಯದ ಸಂಕಟ.

ಈ ವರ್ಷ ಕಾಲೇಜಿನಲ್ಲಿ ಹೊಸ ಲ್ಯಾಬಿಗೆ ಅವರ ಹೆಸರಿಟ್ಟರು. ಅದಕ್ಕೆಂದೇ ಹಳೆಯ ಕಪಾಟು ಖಾಲಿ ಮಾಡಿದ್ದು. ಸಭೆಯಲ್ಲಿ ಹಿರಿಯರೊಬ್ಬರು ಸರ್‌ನ ದೊಡ್ಡತನಕ್ಕೆ ಉದಾಹರಣೆಯಾಗಿ ಟೈಲರಕ್ಕನ ಕಥೆಯನ್ನೇ ಹೇಳಿದರು. ಎಚ್ಚರಿಕೆಯ ಗಂಟೆ ಬಾರಿಸಿದರೂ ನಿದ್ದೆಯಲ್ಲಿದ್ದ ಒಬ್ಬ ಹೆಂಗಸು, ಅವಳ ತಪ್ಪನ್ನು ಹೊತ್ತು ಮನೆಮನೆಗೆ ಹೋದ ಗುರು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ನಾನು ಎದ್ದು ಮೈಕು ತೆಗೆದುಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದೊಡ್ಡತನದ ಮಾತು ಬೇಡ, ಸಾಲು ತಲೆಕೆಳಗಾಗಿತ್ತು, ಆ ಹೆಂಗಸು ಸರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು ಎಂದೆ. ಸಭೆ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು. ಇಳಿದು ಬರುವಾಗ ಆ ಹಿರಿಯರು ನನ್ನ ಬೆನ್ನು ತಟ್ಟಿ, ಗುರುವಿಗೆ ತಕ್ಕ ಶಿಷ್ಯೆ ಎಂದರು.

ಮನಸ್ಸು ತಡೆಯದೆ ಮರುದಿನ ಸಿದ್ದಕಟ್ಟೆಗೆ ಹೋದೆ. ಟೈಲರಕ್ಕ ಅಂಗಡಿ ಮುಚ್ಚಿ ಈಗ ಅಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಆದರೂ ಕೈ ಸುಮ್ಮನಿರುವುದಿಲ್ಲ, ತಲೆದಿಂಬಿನ ಚೀಲ ಹೊಲಿಯುತ್ತಿದ್ದರು. ನನ್ನ ಗುರುತು ಹಿಡಿದು, ಕೈ ಹಿಡಿದು ಕೂರಿಸಿಕೊಂಡರು. ಸಭೆಯಲ್ಲಿ ನಿಜ ಹೇಳಿದೆ ಅಕ್ಕ, ಎಲ್ಲರ ಎದುರು ಹೇಳಿದೆ ಎಂದೆ. ಅವರಿಗೆ ಸಮಾಧಾನವಾಗಬಹುದು ಎಂದುಕೊಂಡಿದ್ದೆ.

"ಅದೆಲ್ಲ ಯಾಕೆ ಮಗಾ ಈಗ" ಎಂದರು ಅವರು. "ಕೇಳಿದವರಿಗೆ ನಾನೇ ಈಗ ಮಲಗಿದ್ದೆ ಅಂತ ಹೇಳುದು. ಹಾಗೆ ಹೇಳಿದ್ರೆ ಮತ್ತೆ ಕೇಳುದಿಲ್ಲ."

"ಆದ್ರೆ ನೀವು ಮಲಗಿರ್ಲಿಲ್ಲ ಅಕ್ಕ! ಹುಕ್ಕು ಹಾಕ್ತಾ ಇದ್ರಿ. ಪೆಟ್ಟಿಗೆ ನಿಲ್ಲುವ ತನಕ ಕಾದ್ರಿ. ಸರ್ ಹೇಳಿದ ಹಾಗೇ ಮಾಡಿದ್ರಿ."

ಅವರು ಹೊಲಿಗೆಯನ್ನು ಮಡಿಲಲ್ಲಿಟ್ಟರು. ಆಮೇಲೆ ನನ್ನ ತಲೆ ಸವರಿ ನಕ್ಕರು.

"ಸರ್ ಕೂಡ ಹೀಗೇ ಹೇಳ್ತಿದ್ರು, ಪಾಪ" ಎಂದರು. "ನನಗೆ ಬೇಜಾರಾಗಬಾರದು ಅಂತ."